ಕುಂಡದಲ್ಲಿ ಬಟಾಣಿ: ಒಂದು ಹಂಗಾಮಿನ ಜಮಾ-ಖರ್ಚು

ನಮ್ಮ ಮನೆಯಲ್ಲಿ ಇದಕ್ಕೆ ಮಟರ್ ಎನ್ನುತ್ತೇವೆ. ನೆರೆಮನೆಯ ಮರಾಠಿ ಮೌಶಿ ವಾಟಾಣಾ ಎನ್ನುತ್ತಾರೆ. ಪೇಟೆಯಲ್ಲಿ ಭಾಜಿ ಮಾರುವವರು ವಟಾಣಿ ಎಂದು ಕೂಗುತ್ತಾರೆ. ಪಠ್ಯಪುಸ್ತಕದಲ್ಲಿ ಬಟಾಣಿ ಎಂದಿರುವುದರಿಂದ ನಾನೂ ಇಲ್ಲಿ ಬಟಾಣಿ ಎಂದೇ ಬರೆಯುತ್ತೇನೆ.

ಈ ಲೇಖನಕ್ಕೆ ಕಾರಣ ಒಂದು ಸಾಲ. ಫಸ್ಟ್ ಪಿಯುಸಿ ಸೇರಿದ ವರ್ಷ ಜುಲೈನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಅಮ್ಮಿಯ ಭಿಶಿ ಹಣದಿಂದ ನಾನು 1,200 ರೂಪಾಯಿ ಪಡೆದೆ. ತಾರಸಿಯ ಮೇಲೆ ಬಟಾಣಿ ಬೆಳೆಯುತ್ತೇನೆ, ಚಳಿಗಾಲದಲ್ಲಿ ಮನೆಗೆ ಬಟಾಣಿ ಕೊಳ್ಳುವುದೇ ಬೇಡ, ನಿಮ್ಮ ಹಣ ಹಾಗೇ ವಾಪಸ್ ಬರುತ್ತದೆ ಎಂದು ಮಾತು ಕೊಟ್ಟಿದ್ದೆ. ಎರಡು ಸಲ ಬೆಳೆ ಹಾಳಾಯಿತು, ಮೂರನೆಯ ಸಲ ಬಂತು. ಮೊದಲು ಬೆಳೆಯುವ ವಿಧಾನ ಹೇಳಿ, ಆಮೇಲೆ ಲೆಕ್ಕ ಕೊಡುತ್ತೇನೆ. ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕವನ್ನು ಮುಚ್ಚಿಡಬಾರದಲ್ಲ.

ಮೊದಲ ತಪ್ಪು ಹಂಗಾಮಿನದು. ಜುಲೈ ತಿಂಗಳಲ್ಲಿ ಬೀಜ ಕೊಳ್ಳಲು ಹೋದಾಗ ಅಂಗಡಿಯವರು, "ತಂಗೀ, ಮಳಿಗಾಲದಾಗ ವಟಾಣಿ ಯಾರ್ ಹಾಕ್ತಾರ?" ಎಂದು ನಕ್ಕರು. ಆದರೂ ತಂದೆ. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತೇ ಇದೆ. ಎರಡು ಪೇಂಟ್ ಬಕೆಟ್‌ಗಳಲ್ಲಿ ಮಣ್ಣು ಕೆಸರಾಯಿತು, ಹತ್ತು ದಿನದ ಮೇಲೆ ಕೆದಕಿ ನೋಡಿದರೆ ಬೀಜ ಕೊಳೆತು ನಾರುತ್ತಿತ್ತು. ಮಳೆಯೇ ಶತ್ರು ಎಂದುಕೊಂಡು ಎರಡನೆಯ ಸಲ ಫೆಬ್ರುವರಿಯಲ್ಲಿ ಹಾಕಿದೆ. ಸಸಿ ಚೆನ್ನಾಗಿ ಬಂತು, ಮಾರ್ಚ್ ಮಧ್ಯಕ್ಕೆ ಬಿಳಿ ಹೂವೂ ಬಿಟ್ಟಿತು. ಆಗ ತಾರಸಿ ಕಾದ ತವೆಯಂತೆ ಇತ್ತು. ಹೂಗಳೆಲ್ಲ ಒಣಗಿ ಉದುರಿದವು. ಎಲ್ಲ ಸೇರಿ ಸಿಕ್ಕಿದ್ದು ನಾಲ್ಕು ಕಾಯಿ.

ಬಟಾಣಿ ತಂಪು ಹವೆಯ ಬೆಳೆ. ಸುಮಾರು 10ರಿಂದ 20 ಡಿಗ್ರಿ ಉಷ್ಣತೆಯಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದೆ. ಉಷ್ಣತೆ 30 ಡಿಗ್ರಿಯ ಹತ್ತಿರ ಬಂದರೆ ಹೂ ನಿಲ್ಲುವುದಿಲ್ಲ, ನಿಂತರೂ ಕಾಯಿ ತುಂಬುವುದಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ನವೆಂಬರ್‌ನಿಂದ ಜನವರಿವರೆಗೆ ರಾತ್ರಿಗಳು ತಂಪಾಗಿರುತ್ತವೆ, ಮಳೆಯೂ ಇರುವುದಿಲ್ಲ. ಅಂದರೆ ಬೆಳಗಾವಿಯಲ್ಲಿ ಬಟಾಣಿಗೆ ಇರುವ ಅವಧಿ ಸುಮಾರು ಮೂರು ತಿಂಗಳು. ಅದರ ಆಚೆ ಈಚೆ ಹಾಕಿದರೆ ಗೊಬ್ಬರ ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ಇದನ್ನು ನನಗೆ ಹೇಳಿದ್ದು ಇಂಟರ್‌ನೆಟ್ ಅಲ್ಲ, ಖಾನಾಪುರದಲ್ಲಿರುವ ನಾನಿ. ನನ್ನ ನಾಲ್ಕು ಕಾಯಿಯ ಕಥೆ ಕೇಳಿ ಅವರು ನಗಲಿಲ್ಲ. "ಧಾನ್ ಕಾಟೇ ಬಾದ್ ಡಾಲ್ನಾ ಬೇಟಿ, ಬಾರಿಶ್ ಮೇಂ ನಕ್ಕೋ" ಎಂದರು. ಭತ್ತ ಕೊಯ್ದ ಮೇಲೆ ಹಾಕು, ಮಳೆಯಲ್ಲಿ ಬೇಡ ಎಂದರ್ಥ. ನಮ್ಮ ನಗರದ ಅಂಚಿನ ವಡಗಾವಿ, ಶಹಾಪುರ, ಯಳ್ಳೂರ ಕಡೆಯ ಕಪ್ಪು ಮಣ್ಣಿನ ರೈತರು ಮಾಡುವುದೂ ಇದನ್ನೇ. ಭತ್ತ ತೆಗೆದ ಹೊಲದಲ್ಲಿ ಉಳಿದ ಹಸಿಯ ಮೇಲೆಯೇ ಮಸೂರ, ಕಡಲೆ, ವಟಾಣಿ ಬಿತ್ತುತ್ತಾರೆ. ಕಾಲೇಜಿಗೆ ಬರುವ ದಾರಿಯಲ್ಲಿ ಆ ಹೊಲಗಳನ್ನು ದಿನವೂ ನೋಡುವ ಸ್ನೇಹಿತೆಯರು ನಮ್ಮ ತರಗತಿಯಲ್ಲೇ ಇದ್ದಾರೆ. ಜುಲೈಯಲ್ಲಿ ಅವರನ್ನು ಒಂದು ಮಾತು ಕೇಳಿದ್ದರೆ ನನಗೆ 200 ರೂಪಾಯಿ ಉಳಿಯುತ್ತಿತ್ತು.

ಕಳೆದ ಅಕ್ಟೋಬರ್‌ನಲ್ಲಿ ಮೂರನೆಯ ಪ್ರಯತ್ನ. ಈ ಸಲ ಕುಂಡದ ಬಗ್ಗೆಯೂ ಯೋಚಿಸಿದೆ. ಬಟಾಣಿಯ ಬೇರಿಗೆ ತೀರ ಆಳ ಬೇಡ, ಆದರೆ ಹತ್ತು ಇಂಚಾದರೂ ಮಣ್ಣು ಇರಬೇಕು, ತಳದಲ್ಲಿ ನೀರು ಹೋಗಲು ತೂತು ಇರಬೇಕು. ನನ್ನ ಹತ್ತಿರ ಹಳೆಯ ಎರಡು ಪೇಂಟ್ ಬಕೆಟ್ ಇದ್ದವು. ಅವಕ್ಕೆ ಕಾದ ಮೊಳೆಯಿಂದ ಎಂಟೆಂಟು ತೂತು ಮಾಡಿದೆ. ಇವಲ್ಲದೆ ಖಾನಾಪುರದಿಂದ ಹನ್ನೆರಡು ಇಂಚಿನ ನಾಲ್ಕು ಮಣ್ಣಿನ ಕುಂಡ ತಂದೆ. ಖಾನಾಪುರದ ಕುಂಬಾರಿಕೆ ನಮ್ಮ ಜಿಲ್ಲೆಯಲ್ಲಿ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಬಸ್ಸಿನಲ್ಲಿ ನಾಲ್ಕು ಕುಂಡ ಇಟ್ಟುಕೊಂಡು 26 ಕಿಲೋಮೀಟರ್ ಬಂದ ಕಷ್ಟವನ್ನು ಬೇರೆ ಲೇಖನದಲ್ಲಿ ಬರೆಯಬೇಕು.

ಮಣ್ಣಿನ ಕುಂಡವೇ ಏಕೆ? ಬೇಸಿಗೆಯಲ್ಲಿ ಮಟಕಾದ ನೀರು ತಂಪಾಗಿರುವ ಕಾರಣವೇ ಇಲ್ಲಿಯೂ. ಸುಟ್ಟ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಒಳಗಿನ ನೀರು ಅವುಗಳ ಮೂಲಕ ಹೊರಬಂದು ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನು ತೆಗೆದುಕೊಂಡು ಹೋಗುತ್ತದೆ, ಬೇರು ತಂಪಾಗಿರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಇದು ನಡೆಯುವುದಿಲ್ಲ. ಡಿಸೆಂಬರ್‌ನಲ್ಲೂ ಮಧ್ಯಾಹ್ನ ಎರಡು ಗಂಟೆಗೆ ಬಕೆಟ್‌ನ ಬಿಸಿಲು ಬಿದ್ದ ಬದಿಯನ್ನು ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು, ಕುಂಡ ತಣ್ಣಗೆ ಇರುತ್ತಿತ್ತು. ಇದಕ್ಕೆ ತೆರಬೇಕಾದ ಬೆಲೆ ಎಂದರೆ ನೀರು. ಮಣ್ಣಿನ ಕುಂಡಕ್ಕೆ ದಿನವೂ ನೀರು ಬೇಕು, ಬಕೆಟ್‌ಗೆ ಎರಡು ದಿನಕ್ಕೊಮ್ಮೆ ಸಾಕು. ನೀರಿನ ತೊಂದರೆ ಇರುವ ಮನೆಯವರು ಬಕೆಟ್‌ಗೆ ಹೊರಗಿನಿಂದ ಹಳೆಯ ಗೋಣಿಚೀಲ ಸುತ್ತಿದರೆ ಬಿಸಿಲಿನ ತಾಪ ಸ್ವಲ್ಪ ತಗ್ಗುತ್ತದೆ.

ಮಣ್ಣಿನ ಮಿಶ್ರಣ ಸರಳ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ. ಬೆಳಗಾವಿಯ ಕಪ್ಪು ಮಣ್ಣನ್ನೇ ಕುಂಡಕ್ಕೆ ತುಂಬಬೇಡಿ. ಹೊಲದಲ್ಲಿ ಅದು ಬಂಗಾರ, ಕುಂಡದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಆದರೆ ಒಂದು ಹಿಡಿ ಕಪ್ಪು ಮಣ್ಣು ಮಾತ್ರ ನಾನು ಬೇಕೆಂದೇ ಹಾಕಿದೆ, ಅದೂ ಮಸೂರ ಬೆಳೆದಿದ್ದ ಹೊಲದ್ದು. ಬಟಾಣಿಯ ಬೇರಿನಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತದೆ. ಪ್ರತಿ ದ್ವಿದಳ ಬೆಳೆಗೂ ಒಂದೇ ಬ್ಯಾಕ್ಟೀರಿಯಾ ಆಗುವುದಿಲ್ಲ, ಆದರೆ ಮಸೂರಕ್ಕೂ ಬಟಾಣಿಗೂ ಒಂದೇ ಜಾತಿಯದು ಸಾಕಾಗುತ್ತದೆ. ಅಂಗಡಿಯಿಂದ ತಂದ ಹೊಸ ಮಣ್ಣು, ಕೋಕೋಪೀಟ್‌ಗಳಲ್ಲಿ ಅದು ಇಲ್ಲದಿರಬಹುದು. ಬೆಳೆ ಮುಗಿದ ಮೇಲೆ ನಾನು ಒಂದು ಬೇರನ್ನು ತೊಳೆದು ಗಂಟನ್ನು ಉಗುರಿನಿಂದ ಸೀಳಿ ನೋಡಿದೆ. ಒಳಗೆ ಗುಲಾಬಿ ಬಣ್ಣ ಇತ್ತು. ಆ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ ಎಂದು ನಮ್ಮ ಕಾಲೇಜಿನ ಬಯಾಲಜಿ ಮೇಡಂ ಹೇಳಿದರು. ಹೀಗಾಗಿ ಬಟಾಣಿಗೆ ಯೂರಿಯಾ ಬೇಕಿಲ್ಲ. ಹಾಕಿದರೆ ಎಲೆ ಸೊಂಪಾಗಿ ಬರುತ್ತದೆ, ಕಾಯಿ ಬರುವುದಿಲ್ಲ.

ಬೀಜದ ಪೊಟ್ಟಣ ಬಿಚ್ಚಿದಾಗ ಕಾಳುಗಳೆಲ್ಲ ಸುಕ್ಕುಗಟ್ಟಿದ್ದವು. ಹಳೆಯ ಬೀಜ ಕೊಟ್ಟು ಮೋಸ ಮಾಡಿದ್ದಾರೆ ಎಂದುಕೊಂಡೆ. ಹಾಗಲ್ಲ. ನಾನು ತಂದದ್ದು ಅರ್ಕೆಲ್ ಎಂಬ ತಳಿ. ಅದರ ಬೀಜ ಇರುವುದೇ ಹಾಗೆ. ಸುಕ್ಕು ಬೀಜದ ತಳಿಗಳಲ್ಲಿ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು. ಆದ್ದರಿಂದಲೇ ಅವು ಹಸಿಯಾಗಿ ತಿನ್ನಲು ಸಿಹಿ. ಗುಂಡು ಬೀಜ ಮತ್ತು ಸುಕ್ಕು ಬೀಜದ ಈ ವ್ಯತ್ಯಾಸವನ್ನೇ ಗ್ರೆಗರ್ ಮೆಂಡೆಲ್ ಎಣಿಸಿದ್ದು. ಇಂದಿನ ಚೆಕ್ ದೇಶದ ಬ್ರುನೋ ನಗರದ ಮಠದ ತೋಟದಲ್ಲಿ 1856ರಿಂದ ಅವರು ಬಟಾಣಿ ಪ್ರಯೋಗ ಮಾಡಿದರು. ಒಂದು ಪ್ರಯೋಗದಲ್ಲಿ 5,474 ಗುಂಡು ಬೀಜ, 1,850 ಸುಕ್ಕು ಬೀಜ ಸಿಕ್ಕವು, ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಸೈನ್ಸ್ ವಿಭಾಗದವರು ಇದನ್ನು ಅನುವಂಶೀಯತೆಯ ಪಾಠ ಎನ್ನುತ್ತಾರೆ. ಏಳು ಸಾವಿರಕ್ಕೂ ಹೆಚ್ಚು ಕಾಳನ್ನು ತಾಳ್ಮೆಯಿಂದ ಎಣಿಸಿ ಬರೆದಿಟ್ಟವರನ್ನು ನಾನು ಕಾಮರ್ಸ್ ಕಡೆಗೆ ಸೇರಿಸುತ್ತೇನೆ.

ಅರ್ಕೆಲ್ ಕುಂಡಕ್ಕೆ ಒಳ್ಳೆಯದು, ಗಿಡ ಗಿಡ್ಡ, ಸುಮಾರು ಎರಡು ತಿಂಗಳಿಗೆ ಕಾಯಿ ಕೊಡುತ್ತದೆ. ಬಾನ್‌ವಿಲ್ ಎಂಬ ಇನ್ನೊಂದು ತಳಿ ಸಿಗುತ್ತದೆ, ಅದಕ್ಕೆ ಇನ್ನೂ ಮೂರು ವಾರ ಹೆಚ್ಚು ಬೇಕು. ಪೊಟ್ಟಣದ ಬೀಜಕ್ಕೆ ಬಣ್ಣ ಬಳಿದಿದ್ದರೆ ಅದು ಔಷಧಿ. ಚಿಕ್ಕ ತಮ್ಮ ತಂಗಿಯರ ಕೈಗೆ ಸಿಗದಂತೆ ಇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ.

ಬಣ್ಣ ಬಳಿಯದ ಬೀಜವಾದರೆ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿತ್ತಬಹುದು. ಒಂದು ದಿನಕ್ಕಿಂತ ಹೆಚ್ಚು ನೆನೆದರೆ ಬೀಜಕ್ಕೆ ಉಸಿರು ಕಟ್ಟುತ್ತದೆ. ಬೆರಳಿನ ಒಂದೂವರೆ ಗೆಣ್ಣಿನಷ್ಟು ಆಳ, ಕಾಳಿನಿಂದ ಕಾಳಿಗೆ ನಾಲ್ಕು ಬೆರಳು ಅಂತರ. ಒಂದೊಂದರಲ್ಲಿ ಎಂಟರಂತೆ ಆರು ಕುಂಡ-ಬಕೆಟ್‌ಗಳಲ್ಲಿ 48 ಕಾಳು ಹಾಕಿದೆ. ಏಳನೆಯ ದಿನ 43 ಮೊಳೆತಿದ್ದವು. ಎಂಟನೆಯ ದಿನ ಫಜರ್ ನಮಾಜ್ ಮುಗಿಸಿ ತಾರಸಿಗೆ ಹೋದರೆ ಪಾರಿವಾಳಗಳು ಕುಂಡದ ಮೇಲೆ ಕೂತಿದ್ದವು. ಏಳು ಸಸಿ ಬುಡಸಹಿತ ಹೋದವು, ಇನ್ನೂ ನಾಲ್ಕರ ಕುಡಿ ಮಾತ್ರ ಹೋಯಿತು. ನಾನು ಅಳುಮುಖ ಮಾಡಿಕೊಂಡು ಕೆಳಗೆ ಬಂದಾಗ ಅಬ್ಬಾ, ಬಿತ್ತಿದ್ದನ್ನು ಹಕ್ಕಿ ತಿಂದರೂ ಬಿತ್ತಿದವನಿಗೆ ಸದಕಾ ಎಂಬ ಹದೀಸನ್ನು ನೆನಪಿಸಿದರು. ಸರಿ, ಏಳು ಸಸಿಯನ್ನು ಆ ಖಾತೆಗೆ ಬರೆದು, ಉಳಿದವಕ್ಕೆ ಹಳೆಯ ದುಪಟ್ಟಾ ಹೊದಿಸಿದೆ. ಕುಡಿ ಕಳೆದುಕೊಂಡ ನಾಲ್ಕೂ ಮತ್ತೆ ಚಿಗುರಿದವು. ಬಟಾಣಿಯ ಬೇಳೆಗಳು ಅವರೆಯಂತೆ ಮೇಲೆ ಬರುವುದಿಲ್ಲ, ಮಣ್ಣಿನೊಳಗೇ ಉಳಿಯುತ್ತವೆ. ಹೀಗಾಗಿ ಮೇಲಿನ ಕುಡಿ ಹೋದರೂ ಕೆಳಗಿನ ಗೆಣ್ಣಿನಿಂದ ಹೊಸ ಕುಡಿ ಬರುತ್ತದೆ. ತುದಿ ಮುರಿದ ಸಸಿಯನ್ನು ಕಿತ್ತು ಎಸೆಯಬೇಡಿ.

ಗಿಡ ಒಂದು ಗೇಣು ಆಗುವ ಮೊದಲೇ ಆಸರೆ ಕೊಡಬೇಕು. ನಾನು ಮೊದಲು ದಪ್ಪ ಬಿದಿರು ಕೋಲು ನಿಲ್ಲಿಸಿದೆ. ಬಳ್ಳಿ ಅದನ್ನು ಹಿಡಿಯಲೇ ಇಲ್ಲ. ಬಟಾಣಿಯ ಕಾಂಡ ಸುತ್ತಿಕೊಳ್ಳುವುದಿಲ್ಲ, ಎಲೆಯ ತುದಿಯ ಎಳೆಗಳು ಹಿಡಿಯುತ್ತವೆ. ಅವು ದಾರದಷ್ಟು ಸಣ್ಣವು, ಸಣ್ಣದನ್ನೇ ಹಿಡಿಯುತ್ತವೆ. ಸೆಣಬಿನ ಹುರಿ, ಒಣ ತೊಗರಿ ಕಟ್ಟಿಗೆ, ಪೇರಲ ಗಿಡದ ತೆಳು ಕೊಂಬೆ ಸಾಕು.

ಹೂ ಬಿಟ್ಟಾಗ ಮತ್ತು ಕಾಯಿ ತುಂಬುವಾಗ ನೀರು ತಪ್ಪಿಸಬಾರದು. ಕಾಲೇಜಿನ ಟೆಸ್ಟ್ ವಾರದಲ್ಲಿ ನಾನು ಎರಡು ದಿನ ಮರೆತೆ, ಆ ವಾರದ ಹೂಗಳಲ್ಲಿ ಅರ್ಧದಷ್ಟು ಉದುರಿದವು. ಡಿಸೆಂಬರ್ ಕೊನೆಗೆ ಬಕೆಟ್‌ನ ಗಿಡಗಳ ಎಲೆಗಳ ಮೇಲೆ ಗೋಧಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಾಣಿಸಿತು. ಇದು ಬೂದಿ ರೋಗ. ಹಗಲು ಒಣಹವೆ, ರಾತ್ರಿ ತಂಪು ಇರುವಾಗ ಬರುತ್ತದೆ. ನಾನು ಆ ಎಲೆಗಳನ್ನು ಕಿತ್ತು ಮನೆಯಿಂದ ದೂರ ಎಸೆದೆ, ಬೇವಿನ ಎಣ್ಣೆ ಸಿಂಪಡಿಸಿದೆ, ಗಿಡಗಳ ನಡುವೆ ಗಾಳಿ ಆಡುವಂತೆ ಮಾಡಿದೆ. ಪೂರ್ತಿ ಹೋಗಲಿಲ್ಲ, ಆದರೆ ಹರಡುವುದು ನಿಧಾನವಾಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಎಂಬ ತಳಿ ಈ ರೋಗವನ್ನು ತಡೆಯುತ್ತದೆ. ಮುಂದಿನ ಸಲ ಅದನ್ನು ಹುಡುಕಿ ತರುವ ಆಸೆ ಇದೆ.

ಬಿತ್ತಿದ 58ನೆಯ ದಿನ ಮೊದಲ ಕಾಯಿ ಕಿತ್ತೆ. ಕಾಯಿ ತುಂಬಿ ಇನ್ನೂ ಹಸಿರು ಹೊಳಪು ಇರುವಾಗಲೇ ಕೀಳಬೇಕು. ಗಿಡದಲ್ಲೇ ಬಲಿಯಲು ಬಿಟ್ಟರೆ ತನ್ನ ಕೆಲಸ ಮುಗಿಯಿತು ಎಂಬಂತೆ ಗಿಡ ಹೊಸ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಕೀಳಿ, ಎಳೆದರೆ ಬಳ್ಳಿಯೇ ಬರುತ್ತದೆ. ಕಿತ್ತ ಕೂಡಲೇ ಬಟಾಣಿಯೊಳಗಿನ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. ಪೇಟೆಗೆ ಬರುವಷ್ಟರಲ್ಲಿ ಸಿಹಿ ಅರ್ಧ ಹೋಗಿರುತ್ತದೆ. ತಾರಸಿಯಿಂದ ನೇರವಾಗಿ ಬಾಯಿಗೆ ಹೋದ ಕಾಳು ಹೇಗಿರುತ್ತದೆ ಎಂಬುದನ್ನು ನನ್ನ ತಮ್ಮನನ್ನು ಕೇಳಿ. ತೂಕ ಮಾಡುವ ಮೊದಲೇ ಅವನು ತಿಂದದ್ದು ನನ್ನ ಲೆಕ್ಕದಲ್ಲಿ ಇಲ್ಲ.

ಇಲ್ಲಿ ಒಂದು ಉಪಯೋಗದ ಮಾತು. ಬೇಸಿಗೆಯಲ್ಲಿ ಬಿಡಿಸಿ ಮಾರುವ ಕಡು ಹಸಿರು ಬಟಾಣಿ ಕಂಡರೆ ಒಂದು ಪರೀಕ್ಷೆ ಮಾಡಿ. ಒಣ ಬಟಾಣಿಯನ್ನು ನೆನೆಸಿ ಬಣ್ಣ ಹಾಕಿ ಮಾರುವುದುಂಟು. ಸ್ವಲ್ಪ ಕಾಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಅರ್ಧ ಗಂಟೆ ಬಿಡಿ. ನೀರಿಗೆ ಹಸಿರು ಬಿಟ್ಟರೆ ಅದು ಬಣ್ಣ. ಈ ಪರೀಕ್ಷೆಯನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಜನರಿಗೆ ಹೇಳಿಕೊಟ್ಟಿದೆ.

ಈಗ ಲೆಕ್ಕ. ನಾಲ್ಕು ಮಣ್ಣಿನ ಕುಂಡದ 24 ಗಿಡಗಳಿಂದ 1 ಕಿಲೋ 450 ಗ್ರಾಂ ಕಾಯಿ ಬಂತು. ಎರಡು ಬಕೆಟ್‌ನ 12 ಗಿಡಗಳಿಂದ 480 ಗ್ರಾಂ. ಗಿಡಕ್ಕೆ ಸರಾಸರಿ ಕುಂಡದಲ್ಲಿ 60 ಗ್ರಾಂ, ಬಕೆಟ್‌ನಲ್ಲಿ 40 ಗ್ರಾಂ. ಒಟ್ಟು 1 ಕಿಲೋ 930 ಗ್ರಾಂ. ಬಿಡಿಸಿದ ಮೇಲೆ ಸುಮಾರು 900 ಗ್ರಾಂ ಕಾಳು. ಒಂದು ಸಲ ಮಟರ್ ಪುಲಾವ್, ಎರಡು ಸಲ ಖೀಮಾ ಮಟರ್, ಅಷ್ಟೇ.

ನಾನು ಕಿತ್ತ ವಾರಗಳಲ್ಲಿ ನಮ್ಮ ಓಣಿಯ ಗಾಡಿಯಲ್ಲಿ ಬಟಾಣಿ ಕಿಲೋಗೆ 60 ರೂಪಾಯಿ ಇತ್ತು. ನನ್ನ ಬೆಳೆ ಚೆನ್ನಾಗಿ ಬರುವ ಕಾಲದಲ್ಲೇ ಎಲ್ಲರ ಬೆಳೆಯೂ ಬರುತ್ತದೆ, ಬೆಲೆ ಇಳಿಯುತ್ತದೆ. ಪೂರೈಕೆಯ ನಿಯಮವನ್ನು ಅರ್ಥಶಾಸ್ತ್ರದಲ್ಲಿ ಎರಡು ವರ್ಷ ಓದಿಯೂ ನನಗೆ ಇದು ಮೊದಲೇ ಹೊಳೆಯಲಿಲ್ಲ. ಆ ದರದಲ್ಲಿ ನನ್ನ ಬೆಳೆಯ ಮೌಲ್ಯ ಸುಮಾರು 116 ರೂಪಾಯಿ.

ಖರ್ಚು ನೋಡಿ. ಈ ಹಂಗಾಮಿಗೆ ಬೀಜ 40, ಎರೆಗೊಬ್ಬರ 150, ಬೇವಿನ ಎಣ್ಣೆ 70, ಹುರಿ 20, ಒಟ್ಟು 280. ಕುಂಡಗಳಿಗೆ 640, ಬಕೆಟ್‌ಗಳಿಗೆ 100, ಒಟ್ಟು 740. ಹಿಂದಿನ ಎರಡು ಸೋಲಿನ ಬೀಜ ಗೊಬ್ಬರಕ್ಕೆ 200. ಎಲ್ಲ ಸೇರಿ 1,220. ಅಮ್ಮಿಯ 1,200, ನನ್ನ 20.

ನಾನು ಮೊದಲು 1,220ರಲ್ಲಿ 116 ಕಳೆದು, 1,104 ರೂಪಾಯಿ ನಷ್ಟ ಎಂದು ಬರೆದು ನಮ್ಮ ಅಕೌಂಟೆನ್ಸಿ ಸರ್‌ಗೆ ತೋರಿಸಿದೆ. ಅವರು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಕುಂಡ ಒಂದೇ ಹಂಗಾಮಿಗೆ ಮುಗಿಯುವುದಿಲ್ಲ, ಅದು ಬಂಡವಾಳ ವೆಚ್ಚ. ಐದು ವರ್ಷ ಬಾಳುತ್ತದೆ ಎಂದು ಹಿಡಿದರೆ ವರ್ಷದ ಸವಕಳಿ 148 ರೂಪಾಯಿ. ಹಳೆಯ 200 ಹಿಂದಿನ ವರ್ಷದ ನಷ್ಟ, ಈ ಬೆಳೆಯ ಮೇಲೆ ಹೊರಿಸುವಂತಿಲ್ಲ. ಹಾಗಾದರೆ ಈ ಹಂಗಾಮಿನ ಖರ್ಚು 280 ಮತ್ತು 148, ಒಟ್ಟು 428. ನಷ್ಟ 312. ನನ್ನ ಕೂಲಿಯನ್ನು ಹಿಡಿಯಲೇ ಇಲ್ಲ.

ಆಮೇಲೆ ಸರ್ ಒಂದು ಪ್ರಶ್ನೆ ಕೇಳಿದರು. "ಬಟಾಣಿ ಮೂರು ತಿಂಗಳ ಬೆಳೆ. ಉಳಿದ ಒಂಬತ್ತು ತಿಂಗಳು ಕುಂಡ ಏನು ಮಾಡುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಖಾಲಿ ಬಿದ್ದಿರುತ್ತದೆ ಎಂಬುದೇ ಉತ್ತರ. ಅದೇ ಕುಂಡದಲ್ಲಿ ಬಟಾಣಿ ಆದ ಮೇಲೆ ಮೆಂತ್ಯ, ಅದಾದ ಮೇಲೆ ಇನ್ನೊಂದು ಸೊಪ್ಪು ಬೆಳೆದರೆ ಸವಕಳಿ ಮೂರು ಬೆಳೆಗೆ ಹಂಚಿಹೋಗುತ್ತದೆ, ಬಟಾಣಿಯ ಪಾಲಿಗೆ 49 ರೂಪಾಯಿ. ಬಟಾಣಿ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಮನೆಯಲ್ಲಿ ಹಿಡಿದ ಬೀಜದಿಂದ ಅದೇ ತಳಿ ಬರುತ್ತದೆ, ಬೀಜದ 40 ಉಳಿಯುತ್ತದೆ. ಅಡಿಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡಿದರೆ 150 ಉಳಿಯುತ್ತದೆ. ಬೇವಿನ ಎಣ್ಣೆಯ ಬಾಟಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇದೆ. ಹುರಿಯ 20 ಸೇರಿಸಿದರೆ ಮುಂದಿನ ವರ್ಷದ ಖರ್ಚು 69. ಬೆಳೆ ಮತ್ತು ದರ ಇಷ್ಟೇ ಇದ್ದರೆ ಲಾಭ 47 ರೂಪಾಯಿ.

47 ರೂಪಾಯಿಗಾಗಿ ಮೂರು ತಿಂಗಳು ನೀರು ಹೊರಬೇಕೇ ಎಂದು ನೀವು ಕೇಳಬಹುದು. ಹಣ ಉಳಿಸಲು ಮಾತ್ರ ಬೆಳೆಯುವುದಾದರೆ ಬೇಡ ಎಂದೇ ನಾನು ಹೇಳುತ್ತೇನೆ, ಗಾಡಿಯಲ್ಲಿ ಕೊಳ್ಳಿ. ಸಿಹಿ ಬಟಾಣಿ ತಿನ್ನಬೇಕು, ಒಂದು ಬೀಜ ಏನೇನು ಮಾಡುತ್ತದೆ ನೋಡಬೇಕು ಎನ್ನುವವರು ಎರಡು ಕುಂಡದಿಂದ ಶುರು ಮಾಡಿ, ಆರು ಬೇಡ. ಮಕ್ಕಳ ಮಾತು ನಂಬಿ ಭಿಶಿ ಹಣ ಕೊಡುವ ಅಮ್ಮಂದಿರು ಈ ಲೆಕ್ಕವನ್ನು ಒಮ್ಮೆ ನೋಡಿ ಕೊಡಲಿ.

ಈ ಲೆಕ್ಕವನ್ನು ನಾನು ಅಮ್ಮಿಗೆ ಓದಿ ಹೇಳಿದೆ. ಅವರು ಕೊನೆಯವರೆಗೆ ಕೇಳಿ, 116 ರೂಪಾಯಿಯನ್ನು ಜಮಾ ಹಿಡಿದುಕೊಂಡರು. ಬಾಕಿ 1,084. ಮನ್ನಾ ಮಾಡಲಿಲ್ಲ. ಮೆಂತ್ಯ ಸೊಪ್ಪಿನ ಒಂದು ಕಟ್ಟಿಗೆ ಪೇಟೆಯ ದರವೇ ಹಿಡಿಯುತ್ತೇನೆ ಎಂದಿದ್ದಾರೆ.

ಬಟಾಣಿ ಗಿಡಗಳನ್ನು ಕೀಳದೆ ಬುಡಕ್ಕೆ ಕತ್ತರಿಸಿದ್ದೇನೆ, ಬೇರು ಮಣ್ಣಿನಲ್ಲೇ ಇದೆ. ಮೂರು ಕುಂಡಗಳಲ್ಲಿ ಮೆಂತ್ಯ ಎರಡು ಎಲೆ ಬಿಟ್ಟಿದೆ. ನಾಲ್ಕನೆಯದರಲ್ಲಿ ಬೀಜಕ್ಕೆಂದು ಬಿಟ್ಟ ಹತ್ತು ಕಾಯಿ ಒಣಗುತ್ತಿವೆ, ಅಲುಗಿಸಿದರೆ ಒಳಗೆ ಕಾಳು ಸದ್ದು ಮಾಡುತ್ತದೆ. ಅಕ್ಟೋಬರ್ ಕೊನೆಗೆ ಯಾರಿಗಾದರೂ ಬೇಕಿದ್ದರೆ ಐದೈದು ಕಾಳು ಕೊಡಬಲ್ಲೆ. ಜುಲೈಯಲ್ಲಿ ಕೇಳಿದರೆ ಕೊಡುವುದಿಲ್ಲ.